ಮನೆಯ ಸಾಬೂನಿಗೆ ಬಣ್ಣ ಕೊನೆಯಲ್ಲಿ ಬರಲಿ

ಮನೆಯಲ್ಲಿಯೇ ಬಣ್ಣಬಣ್ಣದ ಸಾಬೂನು ತಯಾರಿಸುವ ಆಸಕ್ತಿ ಈಚಿನ ವರ್ಷಗಳಲ್ಲಿ ನಗರಗಳನ್ನು ದಾಟಿ ನಮ್ಮ ಊರುಗಳಿಗೂ ಬಂದಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಭಕ್ತರ ಮನೆಗಳಲ್ಲಿ ರಜೆಯ ದಿನಗಳಂದು ಹೆಣ್ಣುಮಕ್ಕಳು ಮೊಬೈಲ್ ನೋಡಿ ಈ ಕೆಲಸ ಕಲಿಯುತ್ತಿದ್ದಾರೆ. ಸ್ವಸಹಾಯ ಸಂಘದ ತಾಯಂದಿರು ಇದನ್ನೊಂದು ಉಪಕಸುಬಾಗಿ ಮಾಡಿಕೊಳ್ಳಬಹುದೇ ಎಂದು ವಿಚಾರಿಸುತ್ತಿದ್ದಾರೆ. ಕಮಲದ ಆಕಾರ, ಚಿಟ್ಟೆಯ ಆಕಾರ, ಪದರ ಪದರವಾಗಿ ಮೂರು ಬಣ್ಣ, ನಡುವೆ ಹೂವಿನ ಎಸಳು. ನೋಡಿದವರ ಕಣ್ಣು ಅರಳುವುದು ಸಹಜ. ಕೈಕೆಲಸ ಯಾವುದಾದರೂ ಕಲಿಯತಕ್ಕದ್ದೇ. ಅದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೆ ಈ ಉತ್ಸಾಹದಲ್ಲಿ ಪ್ರಶ್ನೆಗಳ ಕ್ರಮ ತಿರುಗುಮುರುಗಾಗಿರುವುದನ್ನು ನಾವು ಗಮನಿಸಿದ್ದೇವೆ. ಯಾವ ಬಣ್ಣ, ಯಾವ ಅಚ್ಚು, ಯಾವ ಪರಿಮಳ ಎಂಬುದು ಮೊದಲ ಪ್ರಶ್ನೆಯಾಗಿದೆ. ಕ್ಷಾರ ಎಷ್ಟು ಗ್ರಾಂ, ಕರಗಿಸುವಾಗ ಮಕ್ಕಳು ಎಲ್ಲಿರಬೇಕು, ಬಳಸುವ ಮುನ್ನ ಎಷ್ಟು ದಿನ ಕಾಯಬೇಕು ಎಂಬ ಪ್ರಶ್ನೆಗಳು ಕೊನೆಗೆ ಬರುತ್ತವೆ. ಕೆಲವೊಮ್ಮೆ ಬಾರದೆಯೇ ಹೋಗುತ್ತವೆ. ಮೈಗೆ ಹಚ್ಚುವ ವಸ್ತುವಿನ ವಿಷಯದಲ್ಲಿ ಈ ಕ್ರಮ ಸಲ್ಲದು. ಅಳತೆ ಮೊದಲು, ಎಚ್ಚರ ಎರಡನೆಯದು, ತಾಳ್ಮೆ ಮೂರನೆಯದು, ಬಣ್ಣ ಕಟ್ಟಕಡೆಯದು ಎಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿವರವಾಗಿ ಭಕ್ತರ ಮುಂದಿಡುತ್ತಿದ್ದೇವೆ.

ಕ್ಷಾರ ನಮಗೆ ಹೊಸದಲ್ಲ

ನಮ್ಮ ಹಿರಿಯರು ತಲೆಗೆ ಸೀಗೆಕಾಯಿ, ಅಂಟುವಾಳದ ಕಾಯಿ ಬಳಸುತ್ತಿದ್ದರು. ಮೈಗೆ ಕಡಲೆಹಿಟ್ಟು, ಹೆಸರುಹಿಟ್ಟು ಹಚ್ಚುತ್ತಿದ್ದರು. ಬಟ್ಟೆಗೆ ಚೌಳುಮಣ್ಣು ಇತ್ತು. ಬಯಲುಸೀಮೆಯ ತಗ್ಗು ಭೂಮಿಯಲ್ಲಿ ಬೇಸಿಗೆಯಲ್ಲಿ ಬೆಳ್ಳಗೆ ಏಳುವ ಆ ಮಣ್ಣಿನಲ್ಲಿ ಸೋಡಾ ಜಾತಿಯ ಕ್ಷಾರವಿರುತ್ತದೆ; ಕೊಳೆಯ ಜಿಡ್ಡನ್ನು ಬಿಡಿಸುವುದು ಆ ಕ್ಷಾರವೇ. ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರು ಬಟ್ಟೆ ಮಡಿ ಮಾಡುವುದನ್ನೇ ಕಾಯಕವಾಗಿ ಉಳ್ಳವರು. ಕೊಳೆ ತೆಗೆಯುವ ಕೆಲಸಕ್ಕೆ ನಮ್ಮ ಪರಂಪರೆ ಕೊಟ್ಟ ಗೌರವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎಣ್ಣೆಗೆ ತೀಕ್ಷ್ಣವಾದ ಕ್ಷಾರ ಸೇರಿದಾಗ ಎರಡೂ ತಮ್ಮ ಗುಣ ಕಳೆದುಕೊಂಡು ಸಾಬೂನು ಮತ್ತು ಗ್ಲಿಸರಿನ್ ಆಗಿ ಮಾರ್ಪಡುತ್ತವೆ. ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ಕ್ಷಾರ ಸುಡುವ ಕ್ಷಾರವಾಗಿ ಉಳಿಯುವುದಿಲ್ಲ. ಈ ಮಾರ್ಪಾಡು ಪೂರ್ತಿಯಾಗದಿದ್ದರೆ ಮಾತ್ರ ಸಾಬೂನು ಚರ್ಮಕ್ಕೆ ಶತ್ರು.

ಕನ್ನಡ ನಾಡಿನಲ್ಲಿ ಸಾಬೂನು ಕೈಗಾರಿಕೆಯಾಗಿ ಬೆಳೆದ ಬಗೆಯೂ ಇಲ್ಲಿ ನೆನೆಯತಕ್ಕದ್ದು. ಮೊದಲನೆಯ ಮಹಾಯುದ್ಧದಿಂದಾಗಿ ಮೈಸೂರು ಸಂಸ್ಥಾನದ ಶ್ರೀಗಂಧ ಯೂರೋಪಿಗೆ ಸಾಗದೆ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ತಯಾರಿಕೆ ತೊಡಗಿತು. ತಂತ್ರ ಕಲಿಯಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಗಿತ್ತು. ಮೈಸೂರು ಸ್ಯಾಂಡಲ್ ಸಾಬೂನಿನ ಅಂಡಾಕಾರ, ಒಡವೆಯ ಪೆಟ್ಟಿಗೆಯಂತಹ ಹೊದಿಕೆ, ಮೇಲೆ ಶರಭದ ಲಾಂಛನ, ಇವೆಲ್ಲ ಇಂದಿಗೂ ಜನರ ಮನಸ್ಸಿನಲ್ಲಿವೆ. ಅಂದವನ್ನು ಆ ಹಿರಿಯರು ಕಡೆಗಣಿಸಲಿಲ್ಲ. ಆದರೆ ಮೊದಲು ಎಣ್ಣೆ ತೆಗೆಯುವುದನ್ನು ಕಲಿತರು, ಆಮೇಲೆ ಸಾಬೂನು ಕಾಯಿಸುವುದನ್ನು ಕಲಿತರು, ಆ ಬಳಿಕ ಪೆಟ್ಟಿಗೆಗೆ ಚಂದ ತಂದರು. ಆ ಕ್ರಮವನ್ನೇ ನಮ್ಮ ಮನೆಗಳೂ ಅನುಸರಿಸಲಿ ಎಂದು ನಾವು ಕೋರುತ್ತೇವೆ.

ಹೊಸಬರಿಗೆ ಸುರಕ್ಷಿತ ದಾರಿ

ಮನೆಯಲ್ಲಿ ಸಾಬೂನು ಮಾಡಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಕ್ಷಾರದ ಕೆಲಸ ಆಗಲೇ ಮುಗಿದಿರುವ ಸಾಬೂನಿನ ಗಟ್ಟಿಯನ್ನು ತಂದು ಕರಗಿಸಿ ಅಚ್ಚಿಗೆ ಹೊಯ್ಯುವುದು. ಅಂಗಡಿಯವರು ಇದನ್ನು 'ಸೋಪ್ ಬೇಸ್' ಎನ್ನುತ್ತಾರೆ. ಎರಡನೆಯದರಲ್ಲಿ ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದ ಮೊದಲಿನಿಂದಲೇ ತಯಾರಿಸುವುದು.

ಮಕ್ಕಳಿಗೆ, ಶಾಲೆಗಳಿಗೆ, ಹೊಸಬರಿಗೆ ಮೊದಲನೆಯ ದಾರಿಯೇ ಸರಿ. ಗಟ್ಟಿಯನ್ನು ಸಣ್ಣ ಚೂರುಗಳಾಗಿ ಕತ್ತರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಮಂದ ಉರಿಯಲ್ಲಿ ಕರಗಿಸಬೇಕು. ಕುದಿಯಲು ಬಿಡಬಾರದು, 60ರಿಂದ 65 ಡಿಗ್ರಿ ಸೆಲ್ಸಿಯಸ್ ಸಾಕು. ಒಲೆಯಿಂದ ಇಳಿಸಿ ಬಣ್ಣ, ಪರಿಮಳ ಬೆರೆಸಿ ಅಚ್ಚಿಗೆ ಹೊಯ್ದರೆ ಕೆಲವು ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಎರಡು ಬಣ್ಣದ ಪದರ ಬೇಕೆಂದರೆ ಮೊದಲ ಪದರದ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿದ ಮೇಲೆ ಎರಡನೆಯದನ್ನು ಹೊಯ್ಯಬೇಕು. ಇದು ಬಿಸಿ ತಾಗುವ ಕೆಲಸವಾದುದರಿಂದ ಹಿರಿಯರೊಬ್ಬರು ಜೊತೆಗಿರಲೇಬೇಕು. ಮಳೆಗಾಲದ ತೇವಕ್ಕೆ ಇಂತಹ ಸಾಬೂನು ಬೆವರುತ್ತದೆ. ಒಣಗಿದ ಕೂಡಲೇ ಸುತ್ತಿಡಬೇಕು.

ಎಣ್ಣೆಯಿಂದ ತಯಾರಿಸುವವರಿಗೆ

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಎಣ್ಣೆಯ ಭಾಗ್ಯವಿದೆ. ಪಾವಗಡ, ಮಧುಗಿರಿ, ಶಿರಾ ಕಡೆಯ ಒಣಭೂಮಿಯ ಮುಖ್ಯ ಬೆಳೆ ಕಡಲೆಕಾಯಿ. ಶಿರಾ, ಕೊರಟಗೆರೆ ಭಾಗದಲ್ಲಿ ತೆಂಗಿನ ತೋಟಗಳಿವೆ. ಹೊಂಗೆ, ಬೇವು, ಹರಳು ನಮ್ಮ ಬದುಗಳಲ್ಲಿಯೇ ಇವೆ. ಆದುದರಿಂದ ಎಣ್ಣೆಯಿಂದಲೇ ತಯಾರಿಸುವ ಹಂಬಲ ಇಲ್ಲಿಯವರಿಗೆ ಹುಟ್ಟುವುದು ನ್ಯಾಯವೇ. ಆದರೆ ಅಡುಗೆಯಲ್ಲಿ ನಡೆಯುವ ಕಣ್ಣಳತೆ ಇಲ್ಲಿ ನಡೆಯದು.

ಒಂದು ಉದಾಹರಣೆ ಸಾಕು. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅದೇ ಒಂದು ಕಿಲೋ ಕಡಲೆಕಾಯಿ ಎಣ್ಣೆಗೆ ಸುಮಾರು 136 ಗ್ರಾಂ ಸಾಕು. ಕೊಬ್ಬರಿ ಎಣ್ಣೆಯ ಲೆಕ್ಕವನ್ನು ಹಿಡಿದು ಕಡಲೆಕಾಯಿ ಎಣ್ಣೆಯಲ್ಲಿ ಮಾಡಿದರೆ 47 ಗ್ರಾಂ ಕ್ಷಾರ ಸುಡುವ ಗುಣದೊಡನೆಯೇ ಸಾಬೂನಿನೊಳಗೆ ಉಳಿದುಬಿಡುತ್ತದೆ. ಮೇಲೆ ಎಷ್ಟು ಚಂದದ ಕಮಲವಿದ್ದರೂ ಆ ಸಾಬೂನು ಮೈಯನ್ನು ಉರಿಸುತ್ತದೆ. ಆದಕಾರಣ ಗ್ರಾಂ ತೋರಿಸುವ ತಕ್ಕಡಿ ಇಲ್ಲದ ಮನೆಯಲ್ಲಿ ಕಾಸ್ಟಿಕ್ ಸೋಡಾ ತರಲೇಬಾರದು ಎಂದು ನಾವು ಖಚಿತವಾಗಿ ಹೇಳುತ್ತೇವೆ.

ನಮ್ಮ ಕಡೆಯ ಎಣ್ಣೆಗಳಿಗೆ ಒಗ್ಗುವ ಒಂದು ಅಳತೆ ಹೀಗಿದೆ: ಕೊಬ್ಬರಿ ಎಣ್ಣೆ 600 ಗ್ರಾಂ, ಕಡಲೆಕಾಯಿ ಎಣ್ಣೆ 300 ಗ್ರಾಂ, ಹರಳೆಣ್ಣೆ 100 ಗ್ರಾಂ, ಕಾಸ್ಟಿಕ್ ಸೋಡಾ 150 ಗ್ರಾಂ, ನೀರು 330 ಗ್ರಾಂ. ಲೆಕ್ಕದ ಪ್ರಕಾರ ಈ ಎಣ್ಣೆಗಳಿಗೆ 163 ಗ್ರಾಂನಷ್ಟು ಸೋಡಾ ಹಿಡಿಯುತ್ತದೆ. ಬೇಕೆಂದೇ ಕಡಿಮೆ ಹಾಕುವುದರಿಂದ ಸ್ವಲ್ಪ ಎಣ್ಣೆ ಹಾಗೆಯೇ ಉಳಿದು ಚರ್ಮವನ್ನು ಒಣಗಗೊಡುವುದಿಲ್ಲ. ಎಣ್ಣೆಯ ಜಾತಿಯನ್ನಾಗಲಿ ತೂಕವನ್ನಾಗಲಿ ಬದಲಿಸಿದರೆ ಸೋಡಾದ ಲೆಕ್ಕವನ್ನೂ ಹೊಸದಾಗಿ ಮಾಡಲೇಬೇಕು.

ಕೆಲಸ ಮಾಡುವ ಬಗೆಯಲ್ಲಿ ಈ ನಿಯಮಗಳನ್ನು ಮೀರಬಾರದು. ಹಿತ್ತಲಿನಲ್ಲಿ ಅಥವಾ ಗಾಳಿಯಾಡುವ ಜಗುಲಿಯಲ್ಲಿ ಕೆಲಸ ಮಾಡಬೇಕು. ಮಕ್ಕಳೂ ಸಾಕುಪ್ರಾಣಿಗಳೂ ಅತ್ತ ಸುಳಿಯಬಾರದು. ಕಣ್ಣಿಗೆ ಮುಚ್ಚುಗನ್ನಡಕ, ಕೈಗೆ ರಬ್ಬರ್ ಕೈಗವಸು, ಮೈತುಂಬ ಬಟ್ಟೆ ಇರಬೇಕು. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಹೊಯ್ಯಲೇಬಾರದು, ಅದು ಸಿಡಿಯುತ್ತದೆ. ಒಲೆಯೇ ಇಲ್ಲದೆ ಆ ನೀರು ಕುದಿಯುವ ಮಟ್ಟಕ್ಕೆ ಹತ್ತಿರ ಬಿಸಿಯೇರುತ್ತದೆ. ಏಳುವ ಹಬೆಯನ್ನು ಉಸಿರಾಡಬಾರದು. ಪಾತ್ರೆ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ. ಆಗ ಹೊತ್ತಿಕೊಳ್ಳುವ ಅನಿಲ ಹೊರಡುತ್ತದೆ. ಒಮ್ಮೆ ಇದಕ್ಕೆ ಬಳಸಿದ ಪಾತ್ರೆ, ಸೌಟುಗಳನ್ನು ಮರಳಿ ಅಡುಗೆಗೆ ಬಳಸಬಾರದು.

ಕ್ಷಾರದ ನೀರು ಉಗುರುಬೆಚ್ಚಗಾದ ಮೇಲೆ ಅಷ್ಟೇ ಬೆಚ್ಚಗಿನ ಎಣ್ಣೆಗೆ ಹೊಯ್ದು ದೋಸೆಹಿಟ್ಟಿನ ಹದ ಬರುವವರೆಗೆ ಕಲಕಬೇಕು. ಅಚ್ಚಿಗೆ ಹೊಯ್ದು ಒಂದೆರಡು ದಿನದಲ್ಲಿ ಬಿಡಿಸಿ, ಕತ್ತರಿಸಿ, ನೆರಳಿನಲ್ಲಿ ಕನಿಷ್ಠ 4 ವಾರ ಮಾಗಿಸಬೇಕು. ಶಾಲೆಯ ಪ್ರಯೋಗಾಲಯದಲ್ಲಿ ಸಿಗುವ ಪಿಎಚ್ ಕಾಗದವನ್ನು ಒದ್ದೆ ಸಾಬೂನಿಗೆ ತಾಗಿಸಿದರೆ 9 ಅಥವಾ 10 ತೋರಿಸುವುದು ಸಹಜ. 11 ದಾಟಿದರೆ ಅದನ್ನು ಮೈಗೆ ಬಳಸಬಾರದು. ಈ ನಾಲ್ಕು ವಾರಗಳ ಕಾಯುವಿಕೆಯನ್ನು ಯಾವ ಬಣ್ಣವೂ ಮೊಟಕುಗೊಳಿಸಲಾರದು.

ಕ್ಷಾರ ಮೈಗೆ ಸಿಡಿದರೆ ಕೂಡಲೇ ಒದ್ದೆಯಾದ ಬಟ್ಟೆ ತೆಗೆದು ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ನಿಂಬೆರಸ, ವಿನಿಗರ್, ಅರಿಶಿನ ಹಚ್ಚಬಾರದು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಅಷ್ಟೇ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು. ಮಗು ನುಂಗಿದ್ದರೆ ವಾಂತಿ ಮಾಡಿಸಕೂಡದು. ಗಂಟಲನ್ನು ಅದು ಎರಡನೆಯ ಸಲ ಸುಡುತ್ತದೆ. ತಡಮಾಡದೆ 108ಕ್ಕೆ ಕರೆ ಮಾಡಬೇಕು. ಸೋಡಾದ ಡಬ್ಬಿಗೆ ಹೆಸರು ಬರೆದು ಬೀಗ ಹಾಕಿಡಬೇಕು. ಉಪ್ಪು, ಸಕ್ಕರೆ ಇರುವ ಅಡುಗೆಮನೆಯ ಹಲಗೆಯ ಮೇಲೆ ಈ ಬಿಳಿಯ ಚೂರುಗಳಿಗೆ ಜಾಗವಿಲ್ಲ.

ಬಣ್ಣ ಮತ್ತು ಆಕಾರದ ವಿವೇಕ

ಈಗ ಬಣ್ಣದ ಮಾತು. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿಯ ಓಕುಳಿ ಕೆಂಪಾಗುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಸುಣ್ಣವೂ ಒಂದು ಕ್ಷಾರ. ಸಾಬೂನಿನಲ್ಲಿಯೂ ಅದೇ ನಡೆಯುತ್ತದೆ: ಹಾಕಿದ ಅರಿಶಿನ ಕೆಂಪಗೆ ತಿರುಗುತ್ತದೆ, ಬೀಟ್‌ರೂಟಿನ ಕೆಂಪು ಕಂದುತ್ತದೆ, ಗುಲಾಬಿಯ ಎಸಳು ಕಪ್ಪಾಗುತ್ತದೆ. ಇದ್ದಿಲಿನ ಕಪ್ಪು, ಕೆಮ್ಮಣ್ಣಿನ ಕೆಂಪಿನಂತಹ ಬಣ್ಣಗಳು ನಿಲ್ಲುತ್ತವೆ. ಆದರೆ ಹೊಲದ ಮಣ್ಣನ್ನು ನೇರವಾಗಿ ತಂದು ಬಳಸದೆ ಸೌಂದರ್ಯವರ್ಧಕಗಳಿಗೆಂದೇ ಶುದ್ಧಗೊಳಿಸಿದ್ದನ್ನು ಕೊಳ್ಳಬೇಕು. ಒಂದು ಕಿಲೋ ಎಣ್ಣೆಗೆ ಒಂದು ಟೀ ಚಮಚಕ್ಕಿಂತ ಹೆಚ್ಚು ಬಣ್ಣ ಬೇಡ. ನೊರೆಗೆ ಬಣ್ಣ ಬಂದರೆ, ಟವೆಲಿಗೆ ಕಲೆ ಹತ್ತಿದರೆ, ಅಳತೆ ಮೀರಿದೆ ಎಂದೇ ಅರ್ಥ. ಹೋಳಿಯ ಬಣ್ಣ, ರಂಗೋಲಿ ಪುಡಿ, ಬಟ್ಟೆಯ ಬಣ್ಣ, ಸಿಂಧೂರ ಇವುಗಳನ್ನು ಸಾಬೂನಿಗೆ ಹಾಕಲೇಬಾರದು; ಇಂತಹವುಗಳಲ್ಲಿ ಸೀಸದಂತಹ ವಿಷಲೋಹಗಳು ಇರುವ ಸಂಭವವುಂಟು. ಹಸುಗೂಸುಗಳಿಗೂ ಚರ್ಮದ ತೊಂದರೆ ಇರುವವರಿಗೂ ಬಣ್ಣ, ಪರಿಮಳ ಎರಡೂ ಇಲ್ಲದ ಸಾಬೂನೇ ಒಳಿತು.

ಆಕಾರದ ವಿಷಯದಲ್ಲಿ ನಮ್ಮದೊಂದು ಖಚಿತವಾದ ಆಕ್ಷೇಪಣೆಯಿದೆ. ಲಾಡು, ಜಿಲೇಬಿ, ಮೈಸೂರುಪಾಕು, ಐಸ್‌ಕ್ರೀಮಿನಂತೆ ಕಾಣುವ ಸಾಬೂನುಗಳನ್ನು ಮಾಡುವುದು ಈಗ ಹೆಚ್ಚುತ್ತಿದೆ. ದೊಡ್ಡವರಿಗೆ ಅದು ವಿನೋದ. ಎರಡು ವರ್ಷದ ಕೂಸಿಗೆ ಅದು ಲಾಡುವೇ. ಏಲಕ್ಕಿಯ ಪರಿಮಳವನ್ನೂ ಸೇರಿಸಿದರೆ ಆ ಕೂಸು ಬಾಯಿಗೆ ಹಾಕಿಕೊಳ್ಳದೆ ಏನು ಮಾಡೀತು? ಮಕ್ಕಳಿರುವ ಮನೆಯಲ್ಲಿ ತಿನಿಸಿನ ಆಕಾರದ ಸಾಬೂನು ಬೇಡವೇ ಬೇಡ. ಹೂವು, ಎಲೆ, ಹಕ್ಕಿ, ಮಧುಗಿರಿಯ ಏಕಶಿಲಾ ಬೆಟ್ಟ, ಕೆತ್ತಲು ಆಕಾರಗಳಿಗೆ ಬರವಿಲ್ಲ.

ನಮ್ಮ ನೀರು, ನಮ್ಮ ಸಾಬೂನು

ನಮ್ಮ ಭಾಗದ ಸಾಬೂನಿಗೆ ಬಣ್ಣಕ್ಕಿಂತ ದೊಡ್ಡ ಸಮಸ್ಯೆ ನೀರಿನದು. ಕೊಳವೆಬಾವಿಯ ನೀರು ಬಹುತೇಕ ಗಡಸು. ಪಾವಗಡದ ನೀರಿನ ಫ್ಲೋರೈಡಿನ ಬಗೆಗೆ ಎಲ್ಲರೂ ಬಲ್ಲರು; ಸಾಬೂನಿನ ಜಗಳ ಮಾತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೊಡನೆ. ಅವು ಸಾಬೂನಿನೊಡನೆ ಸೇರಿ ಬಕೆಟ್ಟಿನ ಅಂಚಿಗೆ ಬಿಳಿಯ ಜಿಗುಟಾಗಿ ಅಂಟುತ್ತವೆ. ನೊರೆ ಬಾರದೆಂದು ಮತ್ತೆ ಮತ್ತೆ ಉಜ್ಜಿದರೆ ಚರ್ಮ ಒಣಗಿ ತುರಿಕೆಯಾಗುತ್ತದೆ. ಕೊಬ್ಬರಿ ಎಣ್ಣೆಯ ಸಾಬೂನು ಗಡಸು ನೀರಿನಲ್ಲಿಯೂ ತಕ್ಕಮಟ್ಟಿಗೆ ನೊರೆ ಕೊಡುತ್ತದೆ. ಮೇಲಿನ ಅಳತೆಯಲ್ಲಿ ಅದಕ್ಕೆ ಹೆಚ್ಚಿನ ಪಾಲು ಕೊಟ್ಟಿರುವುದು ಇದಕ್ಕಾಗಿಯೇ. ಸೋಡಾ ಕರಗಿಸಲು ಚಾವಣಿಯಿಂದ ಹಿಡಿದು ಶೋಧಿಸಿದ ಮಳೆನೀರನ್ನೋ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಬಳಸುವುದು ಒಳ್ಳೆಯದು. ಮೈ ಒರೆಸಿದ ಕೂಡಲೇ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಚ್ಚುವುದು ಒಣ ಚರ್ಮಕ್ಕೆ ಹಿತ.

ಬಣ್ಣಕ್ಕೆ ಒಂದು ಒಳ್ಳೆಯ ಕೆಲಸ

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ನಾವು ಬಣ್ಣವನ್ನು ವಿರೋಧಿಸುತ್ತೇವೆಂದು ಭಾವಿಸಬಾರದು. ಬಣ್ಣದ ಸಾಬೂನಿನಿಂದ ಆರೋಗ್ಯಕ್ಕೆ ನಿಜವಾದ ಉಪಕಾರವೊಂದು ಸಾಧ್ಯವಿದೆ. ಶೌಚದ ನಂತರ, ಊಟದ ಮೊದಲು ಸಾಬೂನಿನಿಂದ ಕೈ ತೊಳೆದರೆ ಮಕ್ಕಳ ಭೇದಿ, ಕೆಮ್ಮು, ನೆಗಡಿಗಳು ಗಣನೀಯವಾಗಿ ತಗ್ಗುತ್ತವೆ. ಮಕ್ಕಳಿಗೆ ಇದನ್ನು ಎಷ್ಟು ಬೋಧಿಸಿದರೂ ರೂಢಿಗೆ ಬರುವುದು ಕಷ್ಟ. ಇರಾಕ್ ದೇಶದಲ್ಲಿ ಯುದ್ಧದಿಂದ ಮನೆಮಠ ಕಳೆದುಕೊಂಡ ಕುಟುಂಬಗಳ ನಡುವೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಾರದರ್ಶಕ ಸಾಬೂನಿನೊಳಗೆ ಪುಟ್ಟ ಆಟಿಕೆಯನ್ನಿಟ್ಟು ಮಕ್ಕಳಿಗೆ ಕೊಡಲಾಯಿತು. ಸಾಬೂನು ಸವೆದಂತೆ ಆಟಿಕೆ ಹೊರಬರುತ್ತದೆ. ಸಾಮಾನ್ಯ ಸಾಬೂನು ಪಡೆದ ಮಕ್ಕಳಿಗಿಂತ ಇವರು ಕೈ ತೊಳೆಯುವ ಸಂಭವ ಸುಮಾರು 4 ಪಟ್ಟು ಹೆಚ್ಚಿತ್ತು. ಆಟ ಮಕ್ಕಳನ್ನು ನೀರಿನ ಬಳಿಗೆ ಕರೆತಂದಿತು.

ಇದನ್ನು ನಮ್ಮಲ್ಲಿಯೂ ಮಾಡಬಹುದು. ನಮ್ಮ ನಾಲ್ಕು ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಒಟ್ಟಾಗಿವೆ. ರಜೆಯಲ್ಲಿ ಸಾಬೂನು ಕಲಿಯುವ ಹೆಣ್ಣುಮಕ್ಕಳು, ಗಂಡುಮಕ್ಕಳು ಸೋಪ್ ಬೇಸಿನಿಂದ ಸಣ್ಣ ಸಣ್ಣ ಬಣ್ಣದ ಬಿಲ್ಲೆಗಳನ್ನು ಮಾಡಿ ತಮ್ಮ ಊರಿನ ಶಾಲೆಗೆ, ಅಂಗನವಾಡಿಗೆ ಕೊಡಲಿ. ಗಾಜಿನ ಬೀರುವಿನಲ್ಲಿ ಒಂದು ವರ್ಷ ಕುಳಿತ ಕಮಲಕ್ಕಿಂತ, ಮಗುವಿನ ಕೈಯಲ್ಲಿ ಎರಡು ವಾರದಲ್ಲಿ ಕರಗಿದ ಚಿಟ್ಟೆಯೇ ನಮಗೆ ಮಿಗಿಲು. ಅಂಗನವಾಡಿಗೆ ಕೊಡುವ ಬಿಲ್ಲೆಗಳೊಳಗೆ ನುಂಗಬಹುದಾದ ಸಣ್ಣ ಆಟಿಕೆಗಳನ್ನು ಇಡಬಾರದು, ಬಣ್ಣವೇ ಸಾಕು.

ಮಾರಾಟಕ್ಕಿಳಿಯುವ ಮುನ್ನ

ಮನೆಬಳಕೆಗೆ ತಯಾರಿಸುವುದು ಬೇರೆ, ಮಾರುವುದು ಬೇರೆ. ನಮ್ಮ ಕಾನೂನಿನಲ್ಲಿ ಮೈಸಾಬೂನು ಸೌಂದರ್ಯವರ್ಧಕಗಳ ಸಾಲಿಗೆ ಸೇರುತ್ತದೆ. 2020ರ ಸೌಂದರ್ಯವರ್ಧಕ ನಿಯಮಗಳಂತೆ ಮಾರಾಟಕ್ಕಾಗಿ ತಯಾರಿಸುವವರು ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ಪರವಾನಗಿ ಪಡೆಯಬೇಕು. ಹೊದಿಕೆಯ ಮೇಲೆ ತಯಾರಕರ ಹೆಸರು, ವಿಳಾಸ, ಬಳಸಿದ ಪದಾರ್ಥಗಳು, ತಯಾರಾದ ತಿಂಗಳು ಮತ್ತು ವರ್ಷ, ಬಳಕೆಯ ಅವಧಿ ಇರಬೇಕು. ಒಬ್ಬೊಬ್ಬರೇ ಈ ಭಾರ ಹೊರುವುದು ಕಷ್ಟ. ನಾಲ್ಕಾರು ಸಂಘಗಳು ಕೂಡಿ ಒಂದೇ ಕಡೆ ತಯಾರಿಸಿ ಒಂದೇ ಪರವಾನಗಿ ಪಡೆಯುವುದು ಜಾಣತನ. ಬೆಲೆ ಕಟ್ಟುವಾಗ ಎಣ್ಣೆ, ಸೋಡಾ, ಹೊದಿಕೆಗಳ ಜೊತೆಗೆ ತಮ್ಮ ದುಡಿಮೆಯ ಕೂಲಿಯನ್ನೂ ಒಂದು ತಿಂಗಳು ಮಾಗಿಸುವ ಕಾಲವನ್ನೂ ಲೆಕ್ಕ ಹಿಡಿಯಬೇಕು. ಕಾಯಕಕ್ಕೆ ತಕ್ಕ ಪ್ರತಿಫಲ ಕೇಳಲು ತಾಯಂದಿರು ಸಂಕೋಚಪಡಬಾರದು.

ಇನ್ನೊಂದು ಮಾತು. ಕೊರಟಗೆರೆಯ ಸಿದ್ಧರಬೆಟ್ಟ ಗಿಡಮೂಲಿಕೆಗಳಿಗೆ ಹೆಸರಾದುದು. ಆ ಹೆಸರನ್ನು ನೆಚ್ಚಿ ಬೇವಿನ ಸಾಬೂನಿನಿಂದ ಇಸುಬು ವಾಸಿಯಾಗುತ್ತದೆ, ಮೂಲಿಕೆಯ ಸಾಬೂನಿನಿಂದ ತೊನ್ನು ಮಾಯವಾಗುತ್ತದೆ ಎಂದು ಹೇಳಿ ಮಾರಬಾರದು. ಸಾಬೂನು ಮೈಯ ಮೇಲೆ ಇರುವುದು ಒಂದೆರಡು ನಿಮಿಷ. ಆಮೇಲೆ ನೀರಿನೊಡನೆ ಹರಿದುಹೋಗುತ್ತದೆ. ಅದರ ಕೆಲಸ ಕೊಳೆ ತೆಗೆಯುವುದು. ರೋಗಕ್ಕೆ ವೈದ್ಯರಿದ್ದಾರೆ. ನಂಬಿ ಬಂದ ರೋಗಿಯ ಚಿಕಿತ್ಸೆ ನಮ್ಮ ಮಾತಿನಿಂದ ಒಂದು ತಿಂಗಳು ತಡವಾದರೆ ಆ ಹೊಣೆ ಯಾರದು ಎಂಬುದನ್ನು ಯೋಚಿಸಬೇಕು.

ಮನೆಯಲ್ಲಿ ಸಾಬೂನು ಮಾಡಲು ಹೊರಟಿರುವ ಭಕ್ತರಲ್ಲಿ ನಮ್ಮ ಕೋರಿಕೆ ಇಷ್ಟೇ. ಮೊದಲ ಸಲ ಸೋಪ್ ಬೇಸಿನಿಂದಲೇ ಕೈ ಪಳಗಿಸಿಕೊಳ್ಳಿರಿ. ಎಣ್ಣೆಯ ಕೆಲಸಕ್ಕೆ ಇಳಿಯುವುದಾದರೆ ಅಚ್ಚು ಕೊಳ್ಳುವ ಮೊದಲು ತಕ್ಕಡಿ, ಕೈಗವಸು, ಕನ್ನಡಕ ಕೊಳ್ಳಿರಿ. ಮೊದಲ ತಂಡವನ್ನು ಬಣ್ಣವಿಲ್ಲದೆ ಮಾಡಿ, ನಾಲ್ಕು ವಾರ ಕಾದು, ನಿಮ್ಮ ಕೈಗೇ ಬಳಸಿ ನೋಡಿರಿ. ಅದು ಹಿತವೆನಿಸಿದ ಮೇಲೆ ಎರಡನೆಯ ತಂಡಕ್ಕೆ ಯಾವ ಬಣ್ಣವೆಂಬುದನ್ನು ಮನೆಯ ಮಕ್ಕಳನ್ನೇ ಕೇಳಿರಿ.